ಕೆಲಸ ಸಿಕ್ಕಿರುವುದು ನಿಮಗೆ, ಹೊರಡುವವರು ಮೂವರು

ಪ್ರಶ್ನೆ: ನನಗೆ 34 ವರ್ಷ. ಫಿಸಿಯೋಥೆರಪಿಸ್ಟ್. ಹೊರದೇಶದ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ. ಮೂರು ವರ್ಷದ ಒಪ್ಪಂದ, ಸಂಬಳ ಈಗಿನದಕ್ಕಿಂತ ತುಂಬಾ ಜಾಸ್ತಿ. ಒಂದು ತಿಂಗಳಲ್ಲಿ ಉತ್ತರ ಕೊಡಬೇಕು. ಅಮ್ಮ ಒಬ್ಬರೇ ಇದ್ದಾರೆ, ನಾನು ಒಬ್ಬಳೇ ಮಗಳು. ಬಾಯಲ್ಲಿ "ಹೋಗು" ಅಂತಾರೆ. ಆದರೆ ಆ ವಿಷಯ ಬಂದಾಗೆಲ್ಲ ಎದ್ದು ಒಳಗೆ ಹೋಗುತ್ತಾರೆ. ಗೆಳತಿಯರಲ್ಲಿ ಅರ್ಧ ಜನ "ಇಂಥ ಅವಕಾಶ ಬಿಡಬೇಡ" ಅಂತಾರೆ. ಇನ್ನರ್ಧ ಜನ "ಹೋದವರು ವಾಪಸ್ ಬರಲ್ಲ, ಅಲ್ಲಿ ಎರಡನೇ ದರ್ಜೆಯವರ ಥರ ಬದುಕಬೇಕು, ದುಡ್ಡಿಗೋಸ್ಕರ ಅಮ್ಮನನ್ನು ಬಿಟ್ಟು ಹೋಗ್ತೀಯಾ" ಅಂತ ಕೇಳುತ್ತಾರೆ. ಮಗನಿಗೆ ಏಳು ವರ್ಷ. ಮಕ್ಕಳು ಬೇಗ ಹೊಂದಿಕೊಳ್ಳುತ್ತವೆ ಅಂತ ಎಲ್ಲರೂ ಹೇಳುತ್ತಾರೆ. ಗಂಡ ಶಾಲೆಯಲ್ಲಿ ಗಣಿತದ ಮೇಷ್ಟ್ರು. "ನೀನು ಎಲ್ಲಿಗೆ ಹೋದರೂ ನಾನು ಬರ್ತೀನಿ" ಅಂದಿದ್ದಾರೆ, ಹಾಗಾಗಿ ಆ ಚಿಂತೆ ಇಲ್ಲ. ನಾನು ಮಾಡುತ್ತಿರುವುದು ಸರಿಯಾ? ಅಲ್ಲಿ ನಿಜವಾಗಿ ಏನೇನು ಎದುರಾಗುತ್ತದೆ?

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಅಮ್ಮ ಎದ್ದು ಒಳಗೆ ಹೋಗುವುದನ್ನು ಬರೆದಿದ್ದೀರಲ್ಲ, ಅದು ಮನಸ್ಸಿಗೆ ತಟ್ಟಿತು. ಆದರೆ ನನ್ನ ಕಣ್ಣು ಮತ್ತೆ ಮತ್ತೆ ಹೋಗಿ ನಿಂತದ್ದು ಕೊನೆಯ ಸಣ್ಣ ಮಾತಿನ ಮೇಲೆ: "ಹಾಗಾಗಿ ಆ ಚಿಂತೆ ಇಲ್ಲ." ಹೊರದೇಶಕ್ಕೆ ಹೊರಟ ಕುಟುಂಬಗಳಿಗೆ, ಹೋಗಿ ವಾಪಸ್ ಬಂದ ಕುಟುಂಬಗಳಿಗೆ ಆಪ್ತಸಮಾಲೋಚನೆ ಮಾಡುತ್ತಾ ಹತ್ತೊಂಬತ್ತು ವರ್ಷ ಆಯಿತು. ನಾನು ಕಂಡಂತೆ, ಹೋದ ಕಡೆ ಮನೆ ಅಲುಗಾಡಲು ಶುರುವಾಗುವುದು ಹೆಚ್ಚಾಗಿ ಕೆಲಸ ಸಿಕ್ಕವರ ಕಡೆಯಿಂದ ಅಲ್ಲ, ಅವರ ಜೊತೆಗೆ ಹೋದವರ ಕಡೆಯಿಂದ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಗೆಳತಿಯರ ಮಾತು ನೋಡೋಣ.

"ದುಡ್ಡಿಗೋಸ್ಕರ" ಅನ್ನುವುದು ಪೂರ್ತಿ ಸುಳ್ಳಲ್ಲ. ಆದರೆ ದುಡ್ಡೊಂದೇ ಕಾರಣವಾಗಿದ್ದರೆ ಜಗತ್ತಿನಲ್ಲಿ ಇನ್ನೂ ಎಷ್ಟೋ ಜನ ಗಂಟುಮೂಟೆ ಕಟ್ಟಿಕೊಂಡು ಹೊರಡಬೇಕಿತ್ತು. ವಿಶ್ವಸಂಸ್ಥೆಯ ಲೆಕ್ಕದ ಪ್ರಕಾರ 2024ರಲ್ಲಿ ತಮ್ಮ ದೇಶ ಬಿಟ್ಟು ಬೇರೆ ದೇಶದಲ್ಲಿ ನೆಲೆಸಿದ್ದವರು ಸುಮಾರು 30.4 ಕೋಟಿ. ಸಂಖ್ಯೆ ದೊಡ್ಡದಾಗಿ ಕಾಣುತ್ತದೆ. ಆದರೆ ಜಗತ್ತಿನ ನೂರು ಜನರಲ್ಲಿ ನಾಲ್ಕು ಜನರೂ ಆಗುವುದಿಲ್ಲ. ಕಡುಬಡವರಲ್ಲಿ ಬಹಳ ಜನರಿಗೆ ಹೊರದೇಶಕ್ಕೆ ಹೋಗುವುದೇ ಆಗುವುದಿಲ್ಲ. ಹೋಗಬೇಕಾದರೆ ಕೈಯಲ್ಲಿ ಒಂದಿಷ್ಟು ಹಣ ಬೇಕು, ಕಾಗದಪತ್ರ ಬೇಕು, ಓದು ಬೇಕು, ಅಲ್ಲಿ ಯಾರಾದರೂ ಪರಿಚಯದವರಿದ್ದರೆ ಇನ್ನೂ ಒಳ್ಳೆಯದು.

1985ರಲ್ಲಿ ಓಡೆಡ್ ಸ್ಟಾರ್ಕ್ ಮತ್ತು ಡೇವಿಡ್ ಬ್ಲೂಮ್ ಎಂಬ ಅರ್ಥಶಾಸ್ತ್ರಜ್ಞರು ಒಂದು ಮಾತು ಹೇಳಿದರು. ದೇಶ ಬಿಡುವ ನಿರ್ಧಾರ ಎಷ್ಟೋ ಸಲ ಒಬ್ಬರದ್ದಲ್ಲ, ಮನೆಯದ್ದು. ಮನೆಯವರ ದುಡಿಮೆಯೆಲ್ಲ ಒಂದೇ ಕಡೆ ಇದ್ದರೆ ಅಲ್ಲಿ ಏನಾದರೂ ಆದಾಗ ಎಲ್ಲರೂ ಒಟ್ಟಿಗೆ ಬೀಳುತ್ತಾರೆ. ಒಬ್ಬರು ಬೇರೆ ಕಡೆ ದುಡಿದರೆ ಅದು ಒಂಥರಾ ವಿಮೆ. ನನ್ನ ಮುಂದೆ ಕೂತವರು ಹೇಳಿದ ಕಾರಣಗಳೂ ಹೀಗೇ ಇರುತ್ತವೆ. ಕಲಿತ ಕೆಲಸಕ್ಕೆ ಮರ್ಯಾದೆ ಸಿಗಲಿ ಅಂತ ಕೆಲವರು. ಮಗುವಿನ ಓದಿಗೆ ಅಂತ ಕೆಲವರು. ಸಾಲ ತೀರಿಸಲು ಕೆಲವರು. ತಾನು ತಾನಾಗಿ ಬದುಕಲು ಜಾಗ ಬೇಕು ಅಂತ ಇನ್ನು ಕೆಲವರು. ಹೆಚ್ಚಿನವರಲ್ಲಿ ಎರಡು ಮೂರು ಕಾರಣ ಹೆಣೆದುಕೊಂಡಿರುತ್ತವೆ. ನಿಮ್ಮದು ಯಾವುದು ಅಂತ ನೀವು ಬರೆದಿಲ್ಲ. ಸಂಬಳದ ಮಾತು ಮಾತ್ರ ಇದೆ. ಕಾರಣ ಏನೇ ಇರಲಿ, ತಪ್ಪೇನಿಲ್ಲ. ಆದರೆ ಅದು ನಿಮಗೆ ಗೊತ್ತಿರಬೇಕು, ನಿಮ್ಮವರಿಗೂ ಗೊತ್ತಿರಬೇಕು. ಯಾಕೆ ಬಂದೆವು ಅಂತಲೇ ಗೊತ್ತಿಲ್ಲದವರಿಗೆ ಯಾವಾಗ ವಾಪಸ್ ಹೋಗಬಹುದು ಅಂತಲೂ ಗೊತ್ತಾಗುವುದಿಲ್ಲ.

ಹೋದವರು ಬರುವುದಿಲ್ಲ ಅನ್ನುವುದು ತಪ್ಪು. ಜನ ಒಂದು ದಿಕ್ಕಿಗೆ ಹೊರಟರೆ ಆ ಕಡೆಯಿಂದ ವಾಪಸ್ ಬರುವವರ ಸಾಲೂ ಇರುತ್ತದೆ ಅಂತ ಬ್ರಿಟನ್ನಿನಲ್ಲಿ ರಾವೆನ್‌ಸ್ಟೈನ್ ಎಂಬವರು ಜನಗಣತಿ ನೋಡಿ 1885ರಲ್ಲೇ ಬರೆದಿದ್ದರು. ಮುಂದುವರಿದ ದೇಶಗಳ ಒಕ್ಕೂಟವಾದ ಒಇಸಿಡಿ 2008ರಲ್ಲಿ ಲೆಕ್ಕ ಹಾಕಿದಾಗ, ದೇಶಕ್ಕೆ ತಕ್ಕಂತೆ ನೂರಕ್ಕೆ 20ರಿಂದ 50 ಜನ ಬಂದ ಐದು ವರ್ಷದೊಳಗೆ ಅಲ್ಲಿಂದ ಹೊರಟುಬಿಡುತ್ತಿದ್ದರು. ಕೆಲವರು ತಮ್ಮ ದೇಶಕ್ಕೆ, ಕೆಲವರು ಇನ್ನೊಂದು ದೇಶಕ್ಕೆ. ವಾಪಸ್ ಬಂದರೆ "ಸೋತು ಬಂದಳು" ಅಂತ ಜನ ಆಡಿಕೊಳ್ಳುತ್ತಾರೆ ಎಂಬ ಹೆದರಿಕೆಗೇ ಎಷ್ಟೋ ಜನ ಅಲ್ಲಿ ನವೆಯುತ್ತಾರೆ. ಆ ಹೆದರಿಕೆಯನ್ನು ಮಾತ್ರ ಜೊತೆಗೆ ಒಯ್ಯಬೇಡಿ.

"ಎರಡನೇ ದರ್ಜೆ" ಅನ್ನುವ ಮಾತಿನಲ್ಲಿ ಮಾತ್ರ ಸ್ವಲ್ಪ ನಿಜ ಇದೆ. ಟೋಂಗಾ ಎಂಬ ಪುಟ್ಟ ದ್ವೀಪದೇಶದವರಿಗೆ ನ್ಯೂಜಿಲೆಂಡ್ ಪ್ರತಿ ವರ್ಷ ಒಂದಿಷ್ಟು ಜನರ ಹೆಸರನ್ನು ಲಾಟರಿಯಲ್ಲಿ ಎತ್ತಿ ನೆಲೆಸಲು ಅವಕಾಶ ಕೊಡುತ್ತಾ ಬಂದಿದೆ. ಹೆಸರು ಬಂದು ಹೋದವರನ್ನೂ, ಅರ್ಜಿ ಹಾಕಿಯೂ ಹೆಸರು ಬರದೆ ಉಳಿದವರನ್ನೂ ಸಂಶೋಧಕರು ಹೋಲಿಸಿ ನೋಡಿದರು. ಎರಡೂ ಕಡೆಯವರಿಗೆ ಹೋಗುವ ಆಸೆ ಇತ್ತು, ವ್ಯತ್ಯಾಸ ಅದೃಷ್ಟದ್ದು ಮಾತ್ರ. ಹಾಗಾಗಿ ಇದು ತುಂಬಾ ನಂಬಬಹುದಾದ ಹೋಲಿಕೆ. ಹೋದವರ ಆದಾಯ ಎರಡು ಪಟ್ಟಿಗೂ ಜಾಸ್ತಿ ಆಗಿತ್ತು. ಮನಸ್ಸಿನ ಆರೋಗ್ಯವೂ ಸುಧಾರಿಸಿತ್ತು. ಆದರೆ "ಸಂತೋಷವಾಗಿದ್ದೀರಾ" ಅಂತ ಕೇಳಿದಾಗ ಉತ್ತರ ಇಳಿದಿತ್ತು. ನನಗೆ ಇದರಲ್ಲಿ ಆಶ್ಚರ್ಯ ಕಾಣುವುದಿಲ್ಲ. ದೇಶ ಬದಲಾದಾಗ ನಾವು ನಮ್ಮನ್ನು ಅಳೆದುಕೊಳ್ಳುವ ಗಜಕಡ್ಡಿಯೇ ಬದಲಾಗುತ್ತದೆ. ಇಲ್ಲಿ ಹೆಸರಿದ್ದವರು ಅಲ್ಲಿ ಹೆಸರನ್ನು ಬಿಡಿಸಿ ಹೇಳಬೇಕಾಗುತ್ತದೆ.

ಈಗ ನಿಮ್ಮ ಗಂಡನ ವಿಷಯ.

ಕೆಲವು ವರ್ಷಗಳ ಹಿಂದೆ ಒಬ್ಬರು ನನ್ನ ಹತ್ತಿರ ಬಂದಿದ್ದರು. ಗುರುತು ಸಿಗದಷ್ಟು ಬದಲಿಸಿ ಹೇಳುತ್ತೇನೆ. ಹೆಂಡತಿಗೆ ಒಳ್ಳೆಯ ಕೆಲಸ, ಇವರು ಖುಷಿಯಿಂದಲೇ ಜೊತೆಗೆ ಹೋದವರು. ಮನೆಯ ಬಾಡಿಗೆ ಕರಾರು ಹೆಂಡತಿಯ ಹೆಸರಲ್ಲಿ. ಬ್ಯಾಂಕ್ ಖಾತೆ, ಕರೆಂಟ್ ಬಿಲ್ಲು, ಫೋನು, ಮಗುವಿನ ಶಾಲೆಯ ಕಾಗದ, ಎಲ್ಲ ಹೆಂಡತಿಯ ಹೆಸರಲ್ಲಿ. ದಿನಾ ಮಧ್ಯಾಹ್ನ ಕೆಳಗಿಳಿದು ಟಪಾಲು ಪೆಟ್ಟಿಗೆ ತೆಗೆದು ನೋಡುತ್ತಿದ್ದರಂತೆ. ಏಳು ತಿಂಗಳಲ್ಲಿ ಅವರ ಹೆಸರಿಗೆ ಒಂದೇ ಒಂದು ಲಕೋಟೆ ಬಂದಿರಲಿಲ್ಲ. ಕೊನೆಗೆ ಬಂದದ್ದು ಊರ ಗ್ರಂಥಾಲಯದ ಕಾರ್ಡು. ನನಗೆ ತೋರಿಸಲು ಅದನ್ನು ಪರ್ಸಿನಿಂದ ತೆಗೆದರು. ಅಂಚು ಸವೆದಿತ್ತು. "ಆವತ್ತು ಇದನ್ನು ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟೆ" ಅಂದರು. ಹೆಂಡತಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಅವರು ಹೇಳಿರಲಿಲ್ಲ. ಅವಳೇ ದಣಿದು ಬರುತ್ತಾಳೆ, ಇದನ್ನೂ ಯಾಕೆ ತಲೆಗೆ ಹಾಕಲಿ ಅಂತ ಸುಮ್ಮನಿದ್ದರು.

ಕೆಲಸ ಇರುವವರಿಗೂ ಹೊಸ ದೇಶ ಕಷ್ಟವೇ. ಆದರೆ ಅವರಿಗೆ ಬೆಳಗ್ಗೆ ಎದ್ದು ಹೋಗಲು ಒಂದು ಜಾಗ ಇದೆ. ಹೆಸರು ಹಿಡಿದು ಕರೆಯುವವರು ಇದ್ದಾರೆ. ಬೇಕೋ ಬೇಡವೋ, ಭಾಷೆ ಕಿವಿಗೆ ಬೀಳುತ್ತಿರುತ್ತದೆ. ಜೊತೆಗೆ ಹೋದವರಿಗೆ ಇವೆಲ್ಲವನ್ನೂ ಸೊನ್ನೆಯಿಂದ ಕಟ್ಟಿಕೊಳ್ಳುವ ಕೆಲಸ, ಅದೂ ಒಬ್ಬರೇ. ನಿಮ್ಮವರು ಮೇಷ್ಟ್ರು. ಇಷ್ಟು ವರ್ಷ ತರಗತಿಗೆ ಕಾಲಿಟ್ಟ ಕೂಡಲೇ ನಲವತ್ತು ಮಕ್ಕಳು ಎದ್ದು ನಿಂತಿದ್ದಾರೆ. ಮೇಷ್ಟ್ರ ಕೆಲಸಕ್ಕೆ ಬಹಳ ದೇಶಗಳಲ್ಲಿ ಅಲ್ಲಿಯದೇ ಪರವಾನಗಿ ಬೇಕು, ಅಲ್ಲಿಯ ಭಾಷೆಯಲ್ಲಿ ಮಕ್ಕಳನ್ನು ನಗಿಸಿ ಗದರಿ ಪಾಠ ಹೇಳುವಷ್ಟು ಹಿಡಿತ ಬೇಕು. ನಿಮಗೆ ಅಲ್ಲಿ ಕೆಲಸ ಸಿಕ್ಕಿದೆ ಅಂದ ಮಾತ್ರಕ್ಕೆ ಅವರ ಅನುಭವವೂ ಅಷ್ಟೇ ಸಲೀಸಾಗಿ ಗಡಿ ದಾಟುವುದಿಲ್ಲ. "ನೀನು ಎಲ್ಲಿಗೆ ಹೋದರೂ ಬರ್ತೀನಿ" ಅನ್ನುವುದು ಪ್ರೀತಿಯ ಮಾತು. ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅಲ್ಲಿ ಅವರು ಏನು ಮಾಡುತ್ತಾರೆ ಅನ್ನುವುದಕ್ಕೆ ಅದು ಉತ್ತರವಲ್ಲ.

ಮೊದಲು ತಿಳಿದುಕೊಳ್ಳಬೇಕಾದ್ದು, ಜೊತೆಗೆ ಹೋಗುವ ಮನೆಯವರಿಗೆ ಅಂತ ಅವರಿಗೆ ಸಿಗುವ ಡಿಪೆಂಡೆಂಟ್ ವೀಸಾದಲ್ಲಿ ಕೆಲಸ ಮಾಡಬಹುದೇ ಅನ್ನುವುದು. ಇದು ದೇಶದಿಂದ ದೇಶಕ್ಕೆ ಪೂರ್ತಿ ಬೇರೆ. ಜರ್ಮನಿಯಲ್ಲಿ ಬ್ಲೂ ಕಾರ್ಡ್ (ಹೆಚ್ಚು ಓದಿದ ಹೊರದೇಶದವರಿಗೆ ಕೊಡುವ ಕೆಲಸದ ಪರವಾನಗಿ) ಇರುವವರ ಗಂಡ ಅಥವಾ ಹೆಂಡತಿ ಯಾವ ಕೆಲಸ ಬೇಕಾದರೂ ಮಾಡಬಹುದು. ಅಮೆರಿಕದಲ್ಲಿ ಎಚ್-1ಬಿ ವೀಸಾದವರ ಸಂಗಾತಿಗೆ ಸಿಗುವ ಎಚ್-4ನಲ್ಲಿ ಹಾಗಿಲ್ಲ. 2015ರಿಂದ ಕೆಲವರಿಗೆ ಮಾತ್ರ, ಅದೂ ಕೆಲಸದಲ್ಲಿರುವವರ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ ಮೇಲೆ ಅನುಮತಿ ಕೊಡುತ್ತಾರೆ. ಬ್ರಿಟನ್ನಿನಲ್ಲಂತೂ 2024ರ ಮಾರ್ಚ್‌ನಿಂದ ಹೊಸದಾಗಿ ಹೋಗುವ ಕೇರ್ ವರ್ಕರ್‌ಗಳು ಗಂಡ, ಹೆಂಡತಿ, ಮಕ್ಕಳನ್ನು ಕರೆದುಕೊಂಡು ಹೋಗುವಂತೆಯೇ ಇಲ್ಲ ಅಂತ ನಿಯಮ ಮಾಡಿದರು. ಈ ನಿಯಮಗಳು ನಡುದಾರಿಯಲ್ಲೂ ಬದಲಾಗುತ್ತವೆ. ಹಾಗಾಗಿ ಏಜೆನ್ಸಿಯವರ ಬಾಯಿಮಾತು ಸಾಲದು, ಆ ದೇಶದ ಸರ್ಕಾರದ ಜಾಲತಾಣದಲ್ಲಿ ಇವತ್ತಿನ ನಿಯಮವನ್ನು ನೀವಿಬ್ಬರೂ ಒಟ್ಟಿಗೆ ಕೂತು ಓದಿ.

ಎರಡನೆಯದು ಪರಿಚಯ. ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞ 1973ರಲ್ಲಿ ತೋರಿಸಿದ ಒಂದು ಸಂಗತಿ ನನಗೆ ಬಹಳ ಉಪಯೋಗಕ್ಕೆ ಬಂದಿದೆ. ಕೆಲಸದ ಸುದ್ದಿ ಸಿಗುವುದು ಹೆಚ್ಚಾಗಿ ಆಪ್ತ ಗೆಳೆಯರಿಂದ ಅಲ್ಲ, ಅಪರೂಪಕ್ಕೊಮ್ಮೆ ಸಿಗುವ ಅರೆಪರಿಚಿತರಿಂದ. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತೇ ಇರುತ್ತದೆ, ಅಲ್ವಾ? ಹೋದ ಹೊಸದರಲ್ಲಿ ನಮ್ಮ ಭಾಷೆಯವರ ಗುಂಪು ಹುಡುಕುವುದು ಸಹಜ. ಹುಡುಕಿ, ಅದು ಉಸಿರಾಡಲು ಬೇಕು. ಆದರೆ ಅಲ್ಲಿಗೇ ನಿಂತರೆ ಎಲ್ಲರಿಗೂ ಅದೇ ನಾಲ್ಕು ಸುದ್ದಿ, ಅದೇ ನಾಲ್ಕು ಕೆಲಸ. ಭಾಷೆ ಕಲಿಯುವ ತರಗತಿ, ಮಗನ ಶಾಲೆಯ ಗೇಟಿನ ಹತ್ತಿರ ಕಾಯುವ ತಂದೆತಾಯಂದಿರು, ಮೈದಾನ, ಸ್ವಯಂಸೇವೆ, ಇವೆಲ್ಲ ನಿಮ್ಮವರಿಗೆ ಹೊತ್ತು ಕಳೆಯುವ ದಾರಿಗಳಲ್ಲ. ಕೆಲಸಕ್ಕೆ ಬಾಗಿಲು ಇಲ್ಲೇ.

ಮಗನ ವಿಷಯಕ್ಕೆ ಬರುತ್ತೇನೆ. ಮಕ್ಕಳು ಬೇಗ ಹೊಂದಿಕೊಳ್ಳುತ್ತವೆ ಅನ್ನುವುದು ಅರ್ಧ ನಿಜ. ಜಿಮ್ ಕಮಿನ್ಸ್ ಎಂಬ ಭಾಷಾ ತಜ್ಞರು ಕೆನಡಾದ ಮಕ್ಕಳನ್ನು ನೋಡಿ ಎರಡು ಬಗೆಯ ಭಾಷೆಯನ್ನು ಬೇರೆ ಮಾಡಿದರು. ಆಟದ ಬಯಲಿನಲ್ಲಿ ಮಾತಾಡುವಷ್ಟು ಭಾಷೆ ಸುಮಾರು ಎರಡು ವರ್ಷಕ್ಕೆ ಬರುತ್ತದೆ. ಪಾಠ ಅರ್ಥ ಮಾಡಿಕೊಂಡು ತನ್ನ ವಯಸ್ಸಿನ ಮಕ್ಕಳ ಸಮಕ್ಕೆ ಬರೆಯುವಷ್ಟು ಭಾಷೆಗೆ ಐದರಿಂದ ಏಳು ವರ್ಷ ಬೇಕು. ನಡುವಿನ ವರ್ಷಗಳಲ್ಲಿ ಮಗು ಪಟಪಟನೆ ಮಾತಾಡುತ್ತಿರುತ್ತದೆ, ಅಂಕ ಮಾತ್ರ ಬರುವುದಿಲ್ಲ. ಆಗ "ಇಷ್ಟು ಚೆನ್ನಾಗಿ ಮಾತಾಡ್ತೀಯಾ, ಓದೋಕೇನು" ಅಂತ ಗದರುವುದು ಸುಲಭ. ಗದರಬೇಡಿ. ನಿಮ್ಮದು ಮೂರು ವರ್ಷದ ಒಪ್ಪಂದ ಅನ್ನುವುದನ್ನೂ ಇದರ ಜೊತೆ ಇಟ್ಟು ನೋಡಿ. ಮೂರನೇ ವರ್ಷಕ್ಕೆ ವಾಪಸ್ ಬಂದರೆ ಅಲ್ಲಿಯ ಓದಿನ ಭಾಷೆ ಇನ್ನೂ ಪೂರ್ತಿ ಬಂದಿರುವುದಿಲ್ಲ, ಇಲ್ಲಿಯದು ಹಿಂದೆ ಬಿದ್ದಿರುತ್ತದೆ. ಮನೆಯಲ್ಲಿ ನಮ್ಮ ಭಾಷೆಯಲ್ಲೇ ಓದಿಸಿ, ಬರೆಸಿ. ಮೇಷ್ಟ್ರು ಮನೆಯಲ್ಲೇ ಇದ್ದಾರಲ್ಲ. ಒಂದು ದಿನ ಶಾಲೆಯ ಹತ್ತಿರ ಬಂದಾಗ ಮಗ ಕೈ ಹಿಡಿದು ಎಳೆದು "ಅಮ್ಮ, ಇಲ್ಲಿ ನಮ್ಮ ಭಾಷೆ ಮಾತಾಡಬೇಡ" ಅನ್ನಬಹುದು. ಬಹಳ ಮನೆಗಳಲ್ಲಿ ಇದು ನಡೆದಿದೆ. ಆವತ್ತು ನೋವಾಗುತ್ತದೆ. ಅವನು ನಿಮ್ಮನ್ನು ದೂರ ಮಾಡುತ್ತಿಲ್ಲ. ಗೆಳೆಯರ ಮುಂದೆ ಬೇರೆಯಾಗಿ ಕಾಣಬಾರದು ಅಂತ ಹೆದರಿದ್ದಾನೆ ಅಷ್ಟೇ.

ನಿಮಗೆ ಏನು ಎದುರಾಗುತ್ತದೆ? ಮೊದಲ ಕೆಲವು ತಿಂಗಳು ಎಲ್ಲ ಚೆಂದ, ಆಮೇಲೆ ಕುಸಿತ, ಆಮೇಲೆ ಚೇತರಿಕೆ ಅಂತ ಒಂದು ನಕ್ಷೆಯನ್ನು ಎಲ್ಲರೂ ಬರೆದು ತೋರಿಸುತ್ತಾರೆ. ಅದರ ಮೂಲ 1955ರ ಒಂದು ಅಧ್ಯಯನ. ಅಮೆರಿಕಕ್ಕೆ ಹೋಗಿದ್ದ ನಾರ್ವೆಯವರನ್ನು ಮಾತಾಡಿಸಿ ಲಿಸ್‌ಗಾರ್ಡ್ ಎಂಬವರು ಬರೆದದ್ದು. ಆರು ತಿಂಗಳಿಂದ ಹದಿನೆಂಟು ತಿಂಗಳು ಅಲ್ಲಿದ್ದವರು ಎಲ್ಲರಿಗಿಂತ ಕಷ್ಟದಲ್ಲಿದ್ದರು ಅಂತ ಅವರಿಗೆ ಕಂಡಿತು. ಆದರೆ 1998ರಲ್ಲಿ ಕೊಲೀನ್ ವಾರ್ಡ್ ಮತ್ತು ಜೊತೆಯವರು ನ್ಯೂಜಿಲೆಂಡಿಗೆ ಹೋದ ಜಪಾನಿ ವಿದ್ಯಾರ್ಥಿಗಳನ್ನು ಕಾಲು ಇಟ್ಟ ದಿನದಿಂದಲೇ ಗಮನಿಸಿದಾಗ, ಕಷ್ಟ ಜಾಸ್ತಿ ಇದ್ದದ್ದು ಮೊಟ್ಟಮೊದಲಲ್ಲೇ. ಹಾಗಾಗಿ ಮೊದಲ ವಾರವೇ ಬಾತ್‌ರೂಮಿನಲ್ಲಿ ನೀರು ಬಿಟ್ಟುಕೊಂಡು ಅತ್ತರೆ "ಎಲ್ಲರಿಗೂ ಈಗ ಖುಷಿ ಆಗಬೇಕಿತ್ತು, ನನಗೇನಾಗಿದೆ" ಅಂದುಕೊಳ್ಳಬೇಡಿ. ವರ್ಷದ ಮೇಲೆ ಮತ್ತೆ ಬಂದರೂ ಗಾಬರಿಯಾಗಬೇಡಿ. ಮನೆಯ ಹಂಬಲಕ್ಕೆ ಒಂದು ಕಾಯಿಲೆಯ ಹೆಸರಿಟ್ಟು ಯೊಹಾನ್ನೆಸ್ ಹೋಫರ್ ಎಂಬ ವೈದ್ಯವಿದ್ಯಾರ್ಥಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ 1688ರಲ್ಲೇ ಪ್ರಬಂಧ ಬರೆದಿದ್ದ. "ನಾಸ್ಟಾಲ್ಜಿಯಾ" ಎಂಬ ಪದ ಹುಟ್ಟಿದ್ದು ಹಾಗೆ. ಮೂರು ಶತಮಾನದಿಂದ ಜನ ಇದನ್ನು ಹೊತ್ತು ಬದುಕಿದ್ದಾರೆ. ಆದರೆ ಎರಡು ಮೂರು ವಾರ ಬಿಡದೆ ನಿದ್ದೆ ಕೆಟ್ಟರೆ, ಹಾಸಿಗೆಯಿಂದ ಏಳಲೇ ಮನಸ್ಸಾಗದಿದ್ದರೆ, ಬದುಕೇ ಬೇಡ ಅನ್ನಿಸಿದರೆ ಅದು ಬರೀ ಮನೆ ನೆನಪಲ್ಲ. ಡಾಕ್ಟರ ಹತ್ತಿರ ಹೋಗಬೇಕು. ನಿಮಗೂ ಅದೇ ಮಾತು, ನಿಮ್ಮವರಿಗೂ ಅದೇ ಮಾತು.

ಒಪ್ಪಂದಕ್ಕೆ ಸಹಿ ಹಾಕುವ ಮೊದಲು ನಾಲ್ಕು ವಿಷಯ ಬಿಡಿಸಿ ಕೇಳಿ. ಕೆಲಸ ಹೋದರೆ ಎಷ್ಟು ದಿನ ಆ ದೇಶದಲ್ಲಿರಬಹುದು? ಅಮೆರಿಕದ ಎಚ್-1ಬಿ ಆದರೆ ಹೆಚ್ಚೆಂದರೆ 60 ದಿನ. ಆ ದಿನಗಳಲ್ಲಿ ಮನೆ, ಶಾಲೆ, ಎಲ್ಲ ಮಡಚಬೇಕು ಅಂದರೆ ಮೂವರ ಬದುಕೂ ಒಬ್ಬ ಮ್ಯಾನೇಜರನ ಮರ್ಜಿಗೆ ಸಿಕ್ಕಿದ ಹಾಗೆ. ಎರಡನೆಯದು, ಮಧ್ಯದಲ್ಲಿ ಬಿಟ್ಟರೆ ಹಣ ಕಟ್ಟಬೇಕು ಅನ್ನುವ ಬಾಂಡ್ ಇದೆಯೇ, ಎಷ್ಟು, ಪ್ರತಿ ತಿಂಗಳು ಅದು ಇಳಿಯುತ್ತದೆಯೇ? ಆಸ್ಪತ್ರೆ ಕೆಲಸಗಳಲ್ಲಿ ಇದು ಆಗಾಗ ಇರುತ್ತದೆ. ಕಟ್ಟಲು ಆಗದಷ್ಟು ದೊಡ್ಡ ಮೊತ್ತವಿದ್ದರೆ ಎಂಥ ಕಿರುಕುಳವನ್ನೂ ಸಹಿಸಿಕೊಂಡು ಇರಬೇಕಾಗುತ್ತದೆ. ಮೂರನೆಯದು, ಏಜೆನ್ಸಿ ನಿಮ್ಮಿಂದ ಹಣ ಕೇಳಿದೆಯೇ? ಖಾಸಗಿ ಏಜೆನ್ಸಿಗಳು ಕೆಲಸಗಾರರಿಂದ ಶುಲ್ಕ ತೆಗೆದುಕೊಳ್ಳಬಾರದು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1997ರ 181ನೇ ಒಡಂಬಡಿಕೆ ಹೇಳುತ್ತದೆ. ಎಲ್ಲ ದೇಶಗಳೂ ಅದಕ್ಕೆ ಸಹಿ ಹಾಕಿಲ್ಲ, ಆದರೂ ಹಣ ಕೇಳುವ ಏಜೆನ್ಸಿ ಕಂಡರೆ ಎಚ್ಚರ. ಪಾಸ್‌ಪೋರ್ಟನ್ನು "ನಮ್ಮ ಹತ್ತಿರ ಇರಲಿ" ಅನ್ನುವವರಿಗೆ ಕೊಡಲೇಬೇಡಿ. ಕಾಗದಪತ್ರ ಇಟ್ಟುಕೊಳ್ಳುವುದನ್ನು ಅದೇ ಸಂಸ್ಥೆ ಬಲವಂತದ ದುಡಿಮೆಯ ಗುರುತುಗಳಲ್ಲಿ ಒಂದು ಅಂತ ಎಣಿಸುತ್ತದೆ. ನಾಲ್ಕನೆಯದು, ಕೈಗೆ ಬರುವ ಹಣ. ತೆರಿಗೆ, ವಿಮೆ, ಬಾಡಿಗೆ, ಮುಂಗಡ ಎಲ್ಲ ಕಳೆದು, ಅದನ್ನು ಒಬ್ಬರ ಸಂಬಳದಲ್ಲಿ ಮೂವರು ಬದುಕುವ ಲೆಕ್ಕ ಮಾಡಿ. ಈಗ ನೀವಿಬ್ಬರೂ ದುಡಿಯುತ್ತಿದ್ದೀರಿ. "ತುಂಬಾ ಜಾಸ್ತಿ" ಅನ್ನುವುದು ಆಗಲೂ ಜಾಸ್ತಿಯೇ ಅಂತ ನೋಡಿ.

ಅಮ್ಮನ ಬಗ್ಗೆ ನಾನು ಸಮಾಧಾನದ ಮಾತು ಹೇಳುವುದಿಲ್ಲ. ದೂರ ದೂರವೇ. ದಿನಾ ಫೋನಿನಲ್ಲಿ ಎರಡೂ ಕಡೆಯವರು "ಇಲ್ಲಿ ಎಲ್ಲ ಚೆನ್ನಾಗಿದೆ" ಅನ್ನುತ್ತಾರೆ. ಒಬ್ಬರನ್ನೊಬ್ಬರು ಕಾಪಾಡಲು ಹೇಳುವ ಆ ಸುಳ್ಳಿನಿಂದಲೇ ಮಾತು ಖಾಲಿಯಾಗುತ್ತಾ ಹೋಗುತ್ತದೆ. ಅಮ್ಮ ಎದ್ದು ಒಳಗೆ ಹೋದಾಗ ಹಿಂದೆಯೇ ಹೋಗಿ. "ಹೋಗಲಾ ಬೇಡ್ವಾ" ಅಂತ ಕೇಳಬೇಡಿ, ಆ ಭಾರ ಅವರ ಮೇಲೆ ಹಾಕಬಾರದು. "ನಾನು ಇಲ್ಲದಿದ್ದಾಗ ಯಾವುದಕ್ಕೆ ಜಾಸ್ತಿ ಹೆದರಿಕೆ" ಅಂತ ಕೇಳಿ. ಉತ್ತರ ಬಹಳ ಸಣ್ಣದಿರಬಹುದು. ರಾತ್ರಿ ಹೊತ್ತು ಬಿದ್ದರೆ ಯಾರು ಬರುತ್ತಾರೆ? ಆಸ್ಪತ್ರೆಯಲ್ಲಿ ಸಹಿ ಯಾರು ಹಾಕುತ್ತಾರೆ? ಅಂಥದಕ್ಕೆ ಒಬ್ಬರ ಹೆಸರು ಗೊತ್ತುಮಾಡಿ, ಅವರ ಹತ್ತಿರ ಮೊದಲೇ ಮಾತಾಡಿಡಿ. ಕೂಡಲೇ ಹೊರಟು ಬರಲು ಟಿಕೆಟ್ಟಿನ ಹಣವನ್ನು ಬೇರೆಯೇ ಇಡಿ, ಎಂಥ ಖರ್ಚು ಬಂದರೂ ಮುಟ್ಟಬೇಡಿ. ತುರ್ತು ರಜೆ ಎಷ್ಟು ದಿನ ಕೊಡುತ್ತಾರೆ ಅಂತಲೂ ಒಪ್ಪಂದದಲ್ಲೇ ನೋಡಿ.

ದಾರಿಗಳು ಮೂರು ಕಾಣುತ್ತವೆ. ಮೂವರೂ ಒಟ್ಟಿಗೆ ಹೋಗುವುದು ಒಂದು. ನಿಮ್ಮ ಮೂವರಲ್ಲಿ ಯಾರೂ ಒಂಟಿಯಾಗುವುದಿಲ್ಲ, ಆದರೆ ಕೆಲಸ ಸರಿಬರದಿದ್ದರೆ ಇಲ್ಲಿ ಎಲ್ಲ ಬಿಟ್ಟಾಗಿರುತ್ತದೆ. ಈಗ ಬೇಡ ಅನ್ನುವುದು ಇನ್ನೊಂದು. ಅದೂ ಮರ್ಯಾದೆಯ ನಿರ್ಧಾರವೇ. ಆದರೆ ಅಮ್ಮನಿಗೋಸ್ಕರ ಬಿಟ್ಟೆ ಅಂತ ಮುಂದೆ ಯಾವತ್ತೋ ಕೋಪದಲ್ಲಿ ಬಾಯಿಂದ ಬಂದುಬಿಟ್ಟರೆ ಆ ಮಾತನ್ನು ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ. ಬಿಡುವುದಾದರೆ ನಿಮ್ಮದೇ ಕಾರಣಕ್ಕೆ ಬಿಡಿ.

ನನ್ನ ಮನಸ್ಸು ವಾಲುವುದು ಮೂರನೆಯದರ ಕಡೆಗೆ. ನೀವು ಮೊದಲು ಹೋಗಿ. ನಾಲ್ಕೈದು ತಿಂಗಳು. ಪ್ರೊಬೇಷನ್ ಮುಗಿಯಲಿ, ಮನೆ ಸಿಗಲಿ, ಶಾಲೆ ನೋಡಿಡಿ. ಮಗ ಇಲ್ಲಿಯ ತರಗತಿ ಮುಗಿಸಿ ಅಪ್ಪನ ಜೊತೆ ಬರಲಿ. ಅಷ್ಟು ದಿನ ಅಮ್ಮನಿಗೂ ಅಳಿಯ, ಮೊಮ್ಮಗ ಹತ್ತಿರವಿರುತ್ತಾರೆ. ನಿಮ್ಮವರು ಆ ಹೊತ್ತಿನಲ್ಲಿ ಭಾಷೆ ಕಲಿಯಲು ಶುರುಮಾಡಲಿ. ರಾಜೀನಾಮೆ ಕೊಡುವ ಮೊದಲು ಸಂಬಳವಿಲ್ಲದ ದೀರ್ಘ ರಜೆ ಸಿಗುತ್ತದೆಯೇ ಅಂತ ಶಾಲೆಯಲ್ಲಿ ಕೇಳಲಿ. ವಾಪಸ್ ಬರಲು ಒಂದು ಕುರ್ಚಿ ಉಳಿದಿದೆ ಅನ್ನುವುದೇ ಹೋದ ಕಡೆ ದೊಡ್ಡ ಧೈರ್ಯ. ಇದರಲ್ಲೂ ಅಪಾಯ ಇದೆ. ಐದು ತಿಂಗಳು ಎಂಟು ತಿಂಗಳಾಗುತ್ತದೆ, ಆಮೇಲೆ ಒಂದು ವರ್ಷವೇ ಆಗಿಬಿಡುತ್ತದೆ. ಅವರಿಬ್ಬರಿಗೂ ನೀವಿಲ್ಲದ ದಿನಚರಿ ರೂಢಿಯಾಗುತ್ತದೆ. ಅದಕ್ಕೆ ಅವರು ಹೊರಡುವ ತಾರೀಖು ಈಗಲೇ ಗೊತ್ತಾಗಲಿ. ಆಮೇಲೆ ಬರುವವರಿಗೂ ವೀಸಾ ಸಿಗುತ್ತದೆ ಅನ್ನುವುದು ಖಚಿತವಾದ ಮೇಲೆಯೇ ಇದಕ್ಕೆ ಕೈ ಹಾಕಿ. ಅಲ್ಲಿ ಮನೆ ಹಿಡಿದಾಗ ಬಾಡಿಗೆ ಕರಾರಿನಲ್ಲಿ ಇಬ್ಬರ ಹೆಸರೂ ಇರಲಿ, ಬ್ಯಾಂಕ್ ಖಾತೆಯಲ್ಲೂ ಇರಲಿ.

ಉತ್ತರ ಕೊಡಲು ಒಂದು ತಿಂಗಳಿದೆ ಅಂದಿರಿ. ಇವತ್ತು ರಾತ್ರಿ ಮಗ ಮಲಗಿದ ಮೇಲೆ ನಿಮ್ಮವರನ್ನು ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿ: "ನಾನು ಆಸ್ಪತ್ರೆಗೆ, ಮಗ ಶಾಲೆಗೆ ಹೋದ ಮೇಲೆ, ಬೆಳಗ್ಗೆ ಹತ್ತು ಗಂಟೆಗೆ ನೀವು ಎಲ್ಲಿರ್ತೀರಿ?" ಕೂಡಲೇ ಉತ್ತರ ಬರದಿದ್ದರೆ ನೀವು ಅದನ್ನು ತುಂಬಿಸಬೇಡಿ, ಕಾಯಿರಿ. ಆಮೇಲೆ ನನಗೆ ಬರೆಯಿರಿ. ಈ ಸಲ ಪತ್ರ ಅವರೇ ಬರೆದರೆ ನನಗೆ ಇನ್ನೂ ಸಂತೋಷ.